ಮೂಗಿನ ಶಸ್ತ್ರಚಿಕಿತ್ಸೆ



ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲವೆಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಿಂದಲೂ ಕೇಳಿರುವೆವು. ಗಾದೆಯ ನೀತಿಯಲ್ಲಿ ದೋಷವೇನೂ ಇಲ್ಲ. ಆದರೆ ವೈದ್ಯಶಾಸ್ತ್ರದ ದೃಷ್ಟಿಯಿಂದ ಅದು ಪೂರ್ತಿ ನಿಜವಲ್ಲ. ಹೋದ ಮೂಗನ್ನು ಮತ್ತೆ ಕಟ್ಟಿ ನಿಲ್ಲಿಸುವ ವಿದ್ಯೆಯು ಪ್ರಾಚೀನ ಕಾಲದಿಂದಲೂ ನಮ್ಮ ದೇಶದಲ್ಲಿತ್ತು. ಅದು ಯೂರೋಪಿಗೆ ತಿಳಿದುಬಂದ ಕಥೆಯಲ್ಲಿ ನಮ್ಮ ಮೈಸೂರು ಸೀಮೆಗೂ ಒಂದು ಸ್ಥಾನವುಂಟು.

1791ರಲ್ಲಿ ಲಾರ್ಡ್ ಕಾರ್ನ್‌ವಾಲಿಸನ ಸೈನ್ಯವು ಕೋಲಾರ, ಹೊಸಕೋಟೆಗಳ ಮಾರ್ಗವಾಗಿ ಬಂದು ಮಾರ್ಚಿ ತಿಂಗಳಲ್ಲಿ ಬೆಂಗಳೂರಿನ ಕೋಟೆಯನ್ನು ಹಿಡಿಯಿತು. ಅನಂತರ ಟಿಪ್ಪು ಸುಲ್ತಾನನ ಜನ್ಮಸ್ಥಳವಾದ ದೇವನಹಳ್ಳಿಯೂ ಅದರ ವಶವಾಯಿತು. ಆಗಿನ ಸೈನ್ಯಗಳ ಹಿಂದೆ ಧಾನ್ಯವನ್ನೂ ಮದ್ದುಗುಂಡುಗಳನ್ನೂ ಹೊತ್ತ ಎತ್ತುಗಳ ಸಾಲು ಮೈಲಿಗಟ್ಟಲೆ ನಡೆಯುತ್ತಿತ್ತು. ಆ ಎತ್ತುಗಳನ್ನು ಹೊಡೆಯುತ್ತಿದ್ದವರ ಹೆಸರುಗಳು ಚರಿತ್ರೆಯಲ್ಲಿ ಉಳಿದಿರುವುದು ಅಪೂರ್ವ. ಹಾಗೆ ಉಳಿದ ಒಂದು ಹೆಸರು ಕಾವಸ್ಜಿ ಎಂಬ ಮರಾಠಾ ಒಕ್ಕಲಿನವನದು. ಇವನು 1792ರ ಯುದ್ಧದಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನೆಂದು, 1794ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಪತ್ರಿಕೆಯಲ್ಲಿ ಅಚ್ಚಾದ ಕಾಗದವೊಂದು ಹೇಳುತ್ತದೆ. ಇದು ಯುದ್ಧದಲ್ಲಿ ಒಂದು ಪಕ್ಷದವರ ಬರಹವೆಂಬುದನ್ನು ಮರೆಯಬಾರದು. ಮೂಗು ಕೊಯ್ಯುವ ಕ್ರೌರ್ಯವು ಒಬ್ಬ ಅರಸನದಲ್ಲ. 17ನೆಯ ಶತಮಾನದ ಮೈಸೂರು–ಮಧುರೆ ಯುದ್ಧದಲ್ಲಿಯೂ ಅದು ನಡೆದಿತ್ತು.

ಕಾವಸ್ಜಿಯು ಸುಮಾರು ಒಂದು ವರ್ಷ ಮೂಗಿಲ್ಲದೆ ಕಳೆದನು. ಆಮೇಲೆ ಪುಣೆಯ ಸಮೀಪದಲ್ಲಿ, ಇಟ್ಟಿಗೆ ಮಾಡುವ ಕುಲದವನೊಬ್ಬನು ಅವನಿಗೆ ಹೊಸ ಮೂಗನ್ನು ಕಟ್ಟಿದನು. ಮೊದಲು ಮೇಣದ ತೆಳುವಾದ ಹಾಳೆಯನ್ನು ಮೂಗಿನ ಆಕಾರಕ್ಕೆ ಬಗ್ಗಿಸಿ ಅಳತೆ ನೋಡಿ, ಅದನ್ನೇ ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಸುತ್ತ ಗೆರೆ ಎಳೆದನು. ಆ ಗೆರೆಯ ಒಳಗಿನ ಚರ್ಮವನ್ನು ಬಿಡಿಸಿ, ಎರಡು ಕಣ್ಣುಗಳ ನಡುವೆ ಒಂದು ಸಣ್ಣ ಪಟ್ಟಿಯನ್ನು ಮಾತ್ರ ಕತ್ತರಿಸದೆ ಉಳಿಸಿಕೊಂಡನು. ಬಿಡಿಸಿದ ಚರ್ಮವನ್ನು ಅರ್ಧ ಸುತ್ತು ತಿರುಗಿಸಿ ಕೆಳಕ್ಕೆ ತಂದು, ಹಳೆಯ ಗಾಯದ ಅಂಚನ್ನು ಹಸಿಮಾಡಿ ಅದಕ್ಕೆ ಕೂಡಿಸಿದನು. ಮೇಲೆ ಕಾಚು ಸವರಿದ ಬಟ್ಟೆಯ ಪಟ್ಟಿಗಳನ್ನು ಇಟ್ಟನು. ಹತ್ತನೆಯ ದಿನ ಹೊಳ್ಳೆಗಳು ಮುಚ್ಚಿಕೊಳ್ಳದಂತೆ ಮೆತ್ತನೆಯ ಬಟ್ಟೆಯನ್ನು ತುರುಕಿದನು. ಸುಮಾರು ಇಪ್ಪತ್ತೈದನೆಯ ದಿನ ಕಣ್ಣುಗಳ ನಡುವಣ ಪಟ್ಟಿಯನ್ನು ಕತ್ತರಿಸಿದನು. ಈಥರಿನಿಂದ ಪ್ರಜ್ಞೆ ತಪ್ಪಿಸಿ ಶಸ್ತ್ರಚಿಕಿತ್ಸೆ ಮಾಡುವುದು ಜಗತ್ತಿಗೆಲ್ಲ ತಿಳಿದದ್ದು 1846ರಲ್ಲಿ. ಅದಕ್ಕೆ ಅರ್ಧ ಶತಮಾನದ ಮುಂಚೆ ಆ ರೋಗಿಯು ಸಹಿಸಿದ ನೋವನ್ನು ಊಹಿಸಿಕೊಳ್ಳಬಹುದು. ಆ ಕಾಗದವು ಪ್ರಕಟವಾದ ಇಪ್ಪತ್ತು ವರ್ಷಗಳ ಮೇಲೆ, 1814ರಲ್ಲಿ, ಜೋಸೆಫ್ ಕಾರ್ಪ್ಯೂ ಎಂಬ ಶಸ್ತ್ರವೈದ್ಯನು ಇದೇ ಕ್ರಮವನ್ನು ಲಂಡನ್ನಿನಲ್ಲಿ ಅನುಸರಿಸಿದನು.

ಕಣ್ಣುಗಳ ನಡುವೆ ಉಳಿಸಿದ ಆ ಸಣ್ಣ ಪಟ್ಟಿಯಲ್ಲಿಯೇ ಈ ವಿದ್ಯೆಯ ಮರ್ಮವಿದೆ. ಹಣೆಯ ಚರ್ಮವು ಹೊಸ ಸ್ಥಳದಲ್ಲಿ ಬೇರೂರುವವರೆಗೆ ಅದರ ಮೂಲಕವೇ ರಕ್ತವು ಹರಿದುಬರಬೇಕು. ಸುಶ್ರುತಸಂಹಿತೆಯಲ್ಲಿ ಎಲೆಯಿಂದ ಅಳತೆ ತೆಗೆದು ಕೆನ್ನೆಯ ಚರ್ಮದಿಂದ ಮೂಗು ಕಟ್ಟುವ ಕ್ರಮವಿದೆ. ಅಲ್ಲಿಯೂ ತತ್ತ್ವವು ಇದೇ. ಚರ್ಮದ ಅರ್ಬುದರೋಗದಿಂದಲೋ ಅಪಘಾತದಿಂದಲೋ ಮೂಗು ನಷ್ಟವಾದವರಿಗೆ ಇಂದಿಗೂ ಹಣೆಯ ಚರ್ಮವನ್ನೇ ತಿರುಗಿಸಿ ತರುತ್ತಾರೆ, ಸುಮಾರು ಮೂರು ವಾರಗಳ ತರುವಾಯ ಪಟ್ಟಿಯನ್ನು ಕತ್ತರಿಸುತ್ತಾರೆ. ಕುಷ್ಠರೋಗದಿಂದ ಮೂಗಿನ ದಿಂಡು ಕುಸಿದವರಿಗೂ, ರೋಗವು ಔಷಧಿಗಳಿಂದ ಗುಣವಾದ ಮೇಲೆ, ಮೂಗನ್ನು ಎತ್ತಿ ಸರಿಪಡಿಸಬಹುದು.

ಇಂಥ ನಷ್ಟವು ಎಲ್ಲರಿಗೂ ಬರುವುದಲ್ಲ. ಹೆಚ್ಚು ಜನರನ್ನು ವೈದ್ಯರ ಬಳಿಗೆ ಕರೆತರುವುದು ಉಸಿರಾಟದ ತೊಂದರೆ, ಇಲ್ಲವೆ ರೂಪದ ಚಿಂತೆ. ಮೂಗಿನ ಮೇಲ್ಭಾಗವು ಎಲುಬು, ಕೆಳಭಾಗವು ಮೃದ್ವಸ್ಥಿ. ಎರಡು ಹೊಳ್ಳೆಗಳ ಮಧ್ಯೆ ಒಂದು ನಡುಗೋಡೆ. ಈ ಗೋಡೆಯು ಸ್ವಲ್ಪ ಡೊಂಕಾಗಿರುವುದು ಬಹಳ ಮಂದಿಯಲ್ಲಿ ಸಹಜ. ಉಸಿರಿಗೆ ಅಡ್ಡಿಯಾದರೆ ಮಾತ್ರ ಅದನ್ನು ನೆಟ್ಟಗೆ ಮಾಡಬೇಕು. ನಡುಗೋಡೆಯೊಂದನ್ನೇ ಸರಿಪಡಿಸಿದಾಗ ಮೂಗಿನ ಹೊರರೂಪವು ಸಾಮಾನ್ಯವಾಗಿ ಬದಲಾಗುವುದಿಲ್ಲ. ರೂಪವನ್ನೂ ತಿದ್ದುವುದು ಬೇರೆಯ ಶಸ್ತ್ರಕ್ರಿಯೆ. ಅಗತ್ಯವಿದ್ದಲ್ಲಿ ಎರಡನ್ನೂ ಒಟ್ಟಿಗೆ ಮಾಡುತ್ತಾರೆ.

ನೆಲಮಂಗಲ, ದೊಡ್ಡಬಳ್ಳಾಪುರ, ಹೊಸಕೋಟೆಯ ಹೆದ್ದಾರಿಗಳಲ್ಲಿ ಮೋಟಾರು ಸೈಕಲ್ಲಿನಲ್ಲಿ ಓಡಾಡುವವರು ಒಂದು ಮಾತನ್ನು ಅವಶ್ಯವಾಗಿ ನೆನಪಿಡಬೇಕು. ತಲೆಯನ್ನು ಮಾತ್ರ ಮುಚ್ಚುವ ಹೆಲ್ಮೆಟ್ಟು ಮೂಗನ್ನು ಕಾಯದು. ಮುಖವನ್ನೂ ಮುಚ್ಚುವುದೇ ಲೇಸು. ಪೆಟ್ಟು ಬಿದ್ದ ಮೇಲೆ ಮೂಗು ಎರಡು ಕಡೆಯೂ ಕಟ್ಟಿಕೊಂಡು ನೋವು ಏರುತ್ತಿದ್ದರೆ ಅದೇ ದಿನ ವೈದ್ಯರಿಗೆ ತೋರಿಸಬೇಕು. ನಡುಗೋಡೆಯಲ್ಲಿ ರಕ್ತವು ಹೆಪ್ಪುಗಟ್ಟಿದ್ದು, ಅದನ್ನು ತೆಗೆಯಲು ತಡವಾದರೆ ಮೃದ್ವಸ್ಥಿಯು ಸತ್ತು ಮೂಗು ಕುಸಿಯುತ್ತದೆ. ಮುರಿದ ಎಲುಬನ್ನು ಸ್ಥಾನಕ್ಕೆ ಕೂಡಿಸುವುದಕ್ಕೂ ಸುಮಾರು ಎರಡು ವಾರಗಳೇ ಅವಧಿ. ಆಮೇಲೆ ಅದು ಡೊಂಕಾಗಿಯೇ ಬೆಸೆದುಕೊಳ್ಳುತ್ತದೆ.

ಇನ್ನು ಸೌಂದರ್ಯಕ್ಕಾಗಿ ಮಾಡುವ ಶಸ್ತ್ರಚಿಕಿತ್ಸೆ. ಇದನ್ನು ಹಳಿಯುವುದು ನನ್ನ ಉದ್ದೇಶವಲ್ಲ. ವರ್ಷಗಟ್ಟಲೆ ಜನರ ಹಾಸ್ಯಕ್ಕೆ ಗುರಿಯಾದವನ ಸಂಕಟವು ಸುಳ್ಳಲ್ಲ. ಆದರೆ ಹೆಣ್ಣು ನೋಡಲು ಬಂದವರು ಆಡಿದ ಒಂದು ಮಾತಿನಿಂದ, ತಂದೆ ತಾಯಿಗಳು ಮಗಳನ್ನು ಶಸ್ತ್ರವೈದ್ಯರ ಬಳಿಗೆ ಕರೆದೊಯ್ಯುವುದು ಸರಿಯಲ್ಲ. ಇಚ್ಛೆಯು ಮೂಗಿನ ಒಡೆಯರದೇ ಆಗಿರಬೇಕು. ಮುಖದ ಬೆಳವಣಿಗೆಯೂ ಮುಗಿದಿರಬೇಕು. ಸಾಮಾನ್ಯವಾಗಿ ಹುಡುಗಿಯರಲ್ಲಿ 15–16, ಹುಡುಗರಲ್ಲಿ 17–18 ವರ್ಷಗಳಿಗೆ ಮುಂಚೆ ಇದನ್ನು ಮಾಡುವುದಿಲ್ಲ. ಸಣ್ಣ ಕೊರತೆಯೊಂದನ್ನೇ ಹಗಲಿರುಳು ಕನ್ನಡಿಯಲ್ಲಿ ನೋಡಿ ಕೊರಗುವವರಿಗೆ ಮೊದಲು ಬೇಕಾದದ್ದು ಮನೋವೈದ್ಯರ ಸಲಹೆ. ಅಂಥವರಿಗೆ ಶಸ್ತ್ರಕ್ರಿಯೆಯಾದ ಮೇಲೆಯೂ ತೃಪ್ತಿ ದೊರೆಯುವುದು ವಿರಳ.

ನಿಶ್ಚಯಿಸಿದವರು ತಿಳಿದಿರಬೇಕಾದುದಿಷ್ಟು. ಕಟ್ಟನ್ನು ಸುಮಾರು ಒಂದು ವಾರಕ್ಕೆ ತೆಗೆಯುತ್ತಾರೆ. ಕಣ್ಣಿನ ಕೆಳಗಿನ ಕಪ್ಪು ಎರಡು ವಾರಗಳಲ್ಲಿ ಬಹುಮಟ್ಟಿಗೆ ಇಳಿಯುತ್ತದೆ. ಆದರೆ ಮೂಗಿನ ನಿಜವಾದ ರೂಪವು ನೆಲೆಗೊಳ್ಳಲು ಒಂದು ವರ್ಷವೇ ಹಿಡಿಯಬಹುದು. ಧೂಮಪಾನವನ್ನು ಕೆಲವು ವಾರಗಳ ಮೊದಲೇ ಬಿಡಬೇಕು, ಏಕೆಂದರೆ ಅದು ಚರ್ಮಕ್ಕೆ ಬರುವ ರಕ್ತವನ್ನು ಕುಗ್ಗಿಸುತ್ತದೆ. ರಕ್ತಸ್ರಾವ, ನಂಜು, ಉಸಿರಿಗೆ ಹೊಸ ತಡೆ, ಎರಡನೆಯ ಸಲ ಶಸ್ತ್ರಕ್ರಿಯೆಯ ಅಗತ್ಯ, ಇವೆಲ್ಲವೂ ಸಂಭವಿಸಬಹುದಾದವು. ಕತ್ತಿಯ ಬದಲು ಸೂಜಿಯಿಂದ ಮೂಗಿಗೆ ದ್ರವ್ಯವನ್ನು ತುಂಬಿಸುವುದು ಸುಲಭವೆಂದು ತೋರಬಹುದು. ಅದು ರಕ್ತನಾಳವನ್ನು ಸೇರಿದರೆ ಚರ್ಮವು ಸಾಯಬಹುದು, ಅಪರೂಪಕ್ಕೆ ದೃಷ್ಟಿಯೂ ಹೋಗಬಹುದು. ಆದ್ದರಿಂದ ಅಲಂಕಾರದ ಅಂಗಡಿಗಳಿಗೆ ಹೋಗದೆ, ಪ್ಲಾಸ್ಟಿಕ್ ಸರ್ಜರಿಯಲ್ಲಿಯೋ ಕಿವಿ ಮೂಗು ಗಂಟಲಿನ ಶಾಸ್ತ್ರದಲ್ಲಿಯೋ ಪದವಿ ಪಡೆದು ವೈದ್ಯಕೀಯ ಮಂಡಲಿಯಲ್ಲಿ ಹೆಸರು ನೋಂದಾಯಿಸಿದವರನ್ನೇ ಕಾಣತಕ್ಕದ್ದು. ವೈದ್ಯರನ್ನು ಮೊದಲು ಕೇಳಬೇಕಾದ ಪ್ರಶ್ನೆ, ‘ನನ್ನ ಮೂಗು ಎಷ್ಟು ಚೆಲುವಾದೀತು?’ ಎಂಬುದಲ್ಲ, ‘ನನ್ನ ಉಸಿರು ಹೇಗಿರುತ್ತದೆ?’ ಎಂಬುದು.

ಕಾವಸ್ಜಿಗೆ ಮೂಗು ಕಟ್ಟಿದವನ ಹೆಸರನ್ನು ಲಂಡನ್ನಿನ ಆ ಕಾಗದವು ಬರೆದಿಡಲಿಲ್ಲ. ಆದರೆ ಅವನು ಕತ್ತಿಯನ್ನು ಹಿಡಿಯುವ ಮೊದಲು ಮೇಣದಲ್ಲಿ ಅಳತೆ ನೋಡಿದನು. ಚಿಕಿತ್ಸೆ ಮಾಡುವವರಿಗೂ ಮಾಡಿಸಿಕೊಳ್ಳುವವರಿಗೂ ಆ ತಾಳ್ಮೆಯು ಇರಲಿ. ಕೋಪದಲ್ಲಿ ಕೊಯ್ದ ಮೂಗಿಗಾದರೂ ಚಿಕಿತ್ಸೆಯುಂಟು; ಆತುರದಲ್ಲಿ ಕೊಯ್ಯಿಸಿಕೊಂಡ ಮೂಗನ್ನು ಮೊದಲಿನಂತೆ ಮಾಡುವುದು ಬಲು ಕಷ್ಟ.