ನಮ್ಮ ಊರಿಗೆ ಸಾಕ್ಷಿ ಹಾಕುವವರು ಯಾರು? ಗೂಗಲ್, ಲಿಂಕ್ ಮತ್ತು ಗಡಿನಾಡ ಕನ್ನಡ

(ಕುಂಬ್ಡಾಜೆಯಲ್ಲಿ ಕನ್ನಡ ಯುವಜನರ ಮುಂದೆ ಆಡಿದ ಮಾತುಗಳ ಬರಹ ರೂಪ. ಓದಿ, ನಿಮ್ಮ ಊರಿನ ಗ್ರೂಪುಗಳಿಗೂ ಕಳಿಸಿ.)



ಗಡಿನಾಡ ಕನ್ನಡಿಗರು ನಾಲ್ಕು ಜನ ಸೇರಿದಲ್ಲಿ ಶಾಲೆಯ ಮಾತು, ಶಿಕ್ಷಕರ ನೇಮಕದ ಮಾತು, ಪಿ.ಎಸ್.ಸಿ. ಪರೀಕ್ಷೆಯ ಮಾತು, ಕಚೇರಿ ಬೋರ್ಡಿನ ಮಾತು ಬಂದೇ ಬರ್ತದೆ. ಬರಬೇಕು ಕೂಡ. ಇವತ್ತು ನಾವು ಅದಕ್ಕೆ ತಾಗಿಕೊಂಡೇ ಇರುವ ಇನ್ನೊಂದು ವಿಷಯ ಮಾತಾಡುವ. ಯಾರಾದರೂ ಗೂಗಲ್‌ನಲ್ಲಿ ಹುಡುಕಿದರೆ ನಾವು ಸಿಗುತ್ತೇವಾ? ಸಿಕ್ಕಿದರೂ ನಮ್ಮ ವಿಷಯವನ್ನು ಹೇಳುತ್ತಾ ಇರುವುದು ನಾವಾ, ಬೇರೆಯವರಾ?

2021ರ ಜೂನ್ ತಿಂಗಳು ನಿಮಗೆ ನೆನಪಿರಬಹುದು. ಭಾರತದ ಅತ್ಯಂತ ಕುರೂಪ ಭಾಷೆ ಯಾವುದು ಅಂತ ಇಂಗ್ಲಿಷಿನಲ್ಲಿ ಕೇಳಿದರೆ ಗೂಗಲ್ ದೊಡ್ಡ ಅಕ್ಷರದಲ್ಲಿ ಕನ್ನಡ ಎಂದು ತೋರಿಸಿತು. ಕರ್ನಾಟಕದಲ್ಲಿ ಗದ್ದಲವಾಯಿತು, ಸರ್ಕಾರ ನೋಟಿಸಿನ ಮಾತಾಡಿತು, ಗೂಗಲ್ ಆ ಉತ್ತರವನ್ನು ತೆಗೆದು ಕ್ಷಮೆ ಕೇಳಿತು. ಆದರೆ ಆ ಉತ್ತರ ಎಲ್ಲಿಂದ ಬಂದಿತ್ತು? ಭಾಷೆಗೂ ಅದಕ್ಕೂ ಸಂಬಂಧವೇ ಇಲ್ಲದ ಯಾವುದೋ ಸಣ್ಣ ಜಾಲತಾಣದ ಒಂದು ಸಾಲಿನಿಂದ. ಆ ಪ್ರಶ್ನೆಗೆ ಬೇರೆ ಯಾರೂ ಉತ್ತರ ಬರೆದಿರಲಿಲ್ಲ. ಖಾಲಿ ಜಾಗ ಇತ್ತು, ಯಂತ್ರ ಸಿಕ್ಕಿದ್ದನ್ನು ಎತ್ತಿ ತೋರಿಸಿತು.

ಅದೇ ತಿಂಗಳ ಕೊನೆಗೆ ಕಾಸರಗೋಡಿನ ಊರುಗಳ ಕನ್ನಡ ಹೆಸರು ಬದಲಾಗ್ತದೆ ಎಂಬ ಸುದ್ದಿ ಎದ್ದಿತು. ಅಂಥ ಪ್ರಸ್ತಾಪ ಇಲ್ಲ ಅಂತ ಕೇರಳ ಸರ್ಕಾರ ಹೇಳಿತು. ಸರ್ಕಾರ ಬದಲಾಯಿಸಲಿ, ಬಿಡಲಿ, ಹೆಸರು ಇನ್ನೊಂದು ದಾರಿಯಲ್ಲಿ ಸದ್ದಿಲ್ಲದೆ ಬದಲಾಗ್ತಾ ಇರ್ತದೆ. ಮ್ಯಾಪಿನಲ್ಲಿ, ಹುಡುಕಾಟದಲ್ಲಿ, ಸುದ್ದಿಯಲ್ಲಿ ಯಾವ ರೂಪ ಹೆಚ್ಚು ಸಲ ಬರ್ತದೋ ಅದೇ ಹೊರಗಿನವರಿಗೆ ಸರಿಯಾದ ಹೆಸರು. ಖಾಲಿ ಬಿಟ್ಟ ಜಾಗವನ್ನು ಬೇರೆಯವರು ತುಂಬುತ್ತಾರೆ. ಅದಕ್ಕೆ ಅವರನ್ನು ಬೈದು ಪ್ರಯೋಜನ ಇಲ್ಲ, ನಾವು ತುಂಬಬೇಕು.

ಹೇಗೆ ತುಂಬುವುದು? ಅದಕ್ಕೆ ಹುಡುಕಾಟ ಹೇಗೆ ಕೆಲಸ ಮಾಡ್ತದೆ ಅಂತ ಗೊತ್ತಿರಬೇಕು. ನಾವು ಕಂಪ್ಯೂಟರ್ ಇಂಜಿನಿಯರಿಂಗ್ ಓದಿದವರಲ್ಲ. ಬಿ.ಕಾಂ. ಮಾಡಿ ಬ್ಯಾಂಕಿನ ಕೌಂಟರಿನಲ್ಲಿ ಕೂರುವವರು. ಆದರೆ ಈ ಲೆಕ್ಕ ಬ್ಯಾಂಕಿನವರಿಗೆ ಬೇಗ ಅರ್ಥವಾಗ್ತದೆ.

ಮೊದಲೆಲ್ಲ ಬ್ಯಾಂಕಿನಲ್ಲಿ ಖಾತೆ ತೆರೆಯಬೇಕಾದರೆ, ಆಗಲೇ ಖಾತೆ ಇರುವ ಒಬ್ಬರು ‘ಇವರು ನನಗೆ ಗೊತ್ತು’ ಅಂತ ಸಹಿ ಹಾಕಬೇಕಿತ್ತು. ಸಾಲಕ್ಕೆ ಇವತ್ತಿಗೂ ಜಾಮೀನು ಕೇಳ್ತಾರೆ. ಗೂಗಲ್ ಹುಟ್ಟಿದ್ದೇ ಈ ಉಪಾಯದ ಮೇಲೆ. 1998ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಇಬ್ಬರು ವಿದ್ಯಾರ್ಥಿಗಳು, ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್, ಪೇಜ್‌ರ‍್ಯಾಂಕ್ ಎಂಬ ಲೆಕ್ಕವನ್ನು ಮುಂದಿಟ್ಟರು. ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಲಿಂಕ್ ಕೊಟ್ಟರೆ ಅದು ಒಂದು ಸಾಕ್ಷಿ ಸಹಿ ಇದ್ದ ಹಾಗೆ. ಹೆಚ್ಚು ಸಾಕ್ಷಿ ಇರುವ ಪುಟಕ್ಕೆ ಹೆಚ್ಚು ಬೆಲೆ.

ಇದರಲ್ಲಿ ಮೂರು ಸೂಕ್ಷ್ಮ ಉಂಟು.

ಒಂದು, ಸಹಿ ಹಾಕಿದವರು ಯಾರು ಎಂಬುದು ಮುಖ್ಯ. ಊರಿಗೆಲ್ಲ ಗೊತ್ತಿರುವ ಮೇಷ್ಟ್ರ ಒಂದು ಸಹಿಗೂ ಗುರುತೇ ಇಲ್ಲದ ಹತ್ತು ಜನರ ಸಹಿಗೂ ವ್ಯತ್ಯಾಸ ಇಲ್ಲವಾ? ಹಾಗೆಯೇ ಒಂದು ಪತ್ರಿಕೆ, ಒಂದು ಕಾಲೇಜು, ಒಂದು ಗ್ರಂಥಾಲಯ ಕೊಟ್ಟ ಲಿಂಕಿಗೆ ತೂಕ ಹೆಚ್ಚು.

ಎರಡು, ಒಬ್ಬರೇ ಐವತ್ತು ಸಾಲಕ್ಕೆ ಜಾಮೀನು ನಿಂತರೆ ಅವರ ಜಾಮೀನಿಗೆ ಬೆಲೆ ಕಡಿಮೆ. ಪೇಜ್‌ರ‍್ಯಾಂಕ್ ಲೆಕ್ಕದಲ್ಲಿಯೂ ಒಂದು ಪುಟದ ತೂಕ ಅದು ಕೊಟ್ಟ ಎಲ್ಲ ಲಿಂಕುಗಳ ನಡುವೆ ಹಂಚಿ ಹೋಗ್ತದೆ. ಇನ್ನೂರು ಲಿಂಕು ತುಂಬಿದ ಪಟ್ಟಿಯೊಳಗೆ ನಮ್ಮದೂ ಒಂದು ಇದ್ದರೆ ಅದರಿಂದ ದೊಡ್ಡ ಲಾಭ ಇಲ್ಲ.

ಮೂರು, ಸಾಕ್ಷಿ ಹೇಳುವಾಗ ಬಳಸಿದ ಮಾತು. ಇದು ನಮಗೆ ಎಲ್ಲಕ್ಕಿಂತ ಮುಖ್ಯ. ಲಿಂಕ್ ಯಾವ ಪದಗಳ ಮೇಲೆ ಕೂತಿರ್ತದೋ ಆ ಪದಗಳನ್ನು ಗೂಗಲ್ ಓದ್ತದೆ. ‘ಇಲ್ಲಿ ಕ್ಲಿಕ್ ಮಾಡಿ’ ಅಂತ ಬರೆದರೆ ಅದಕ್ಕೆ ಏನೂ ಗೊತ್ತಾಗುವುದಿಲ್ಲ. ‘ಕುಂಬ್ಡಾಜೆಯ ಕನ್ನಡ ಶಾಲೆಗಳು’ ಅಂತ ಬರೆದು ಅದರ ಮೇಲೆ ಲಿಂಕ್ ಕೊಟ್ಟರೆ, ಆ ಪುಟ ಕುಂಬ್ಡಾಜೆಯ ಕನ್ನಡ ಶಾಲೆಗಳ ಕುರಿತಾದದ್ದು ಅಂತ ತಿಳೀತದೆ. ಅಂದರೆ ನಾವು ಕಾರಡ್ಕ, ಬೇಡಡ್ಕ, ಮಧೂರು, ಕುಂಬಳೆ ಅಂತ ಕನ್ನಡದ ಹೆಸರಿನಲ್ಲೇ ಲಿಂಕ್ ಕೊಟ್ಟಷ್ಟೂ ಆ ಹೆಸರು ಆ ಊರಿಗೆ ಗಟ್ಟಿಯಾಗಿ ಅಂಟಿಕೊಳ್ತದೆ.

ಇವತ್ತು ಗೂಗಲ್ ಲಿಂಕ್ ಒಂದನ್ನೇ ನೋಡುವುದಿಲ್ಲ. ಬರಹದಲ್ಲಿ ಹುರುಳಿಲ್ಲದಿದ್ದರೆ ಯಾರ ಸಾಕ್ಷಿಯೂ ಉಳಿಸಲಿಕ್ಕಿಲ್ಲ. ಆದರೆ ಒಳ್ಳೆಯ ಬರಹ ಇದ್ದೂ ಅದರ ಕಡೆ ಯಾರೂ ಕೈ ತೋರಿಸದಿದ್ದರೆ ಅದು ಕಾಡಿನೊಳಗಿನ ಮನೆ. ದಾರಿ ಗೊತ್ತಿದ್ದವರು ಮಾತ್ರ ಹೋಗಬಹುದು.

ಈಗ ಕೇಳಬಹುದು: ದುಡ್ಡು ಕೊಟ್ಟರೆ ಸಾವಿರ ಲಿಂಕ್ ಹಾಕಿಸಿಕೊಡ್ತಾರಂತೆ, ಅದು ಸುಲಭ ಅಲ್ವಾ? ಬೇಡ ಮಾರಾಯ್ರೇ. ‘ನೀನು ನನಗೆ ಜಾಮೀನು ಹಾಕು, ನಾನು ನಿನಗೆ ಹಾಕ್ತೇನೆ’ ಎಂಬ ಜೋಡಿಗಳನ್ನು ಬ್ಯಾಂಕು ಗುರುತಿಸ್ತದೆ. ಗೂಗಲ್ ಕೂಡ ಗುರುತಿಸ್ತದೆ. 2012ರ ಏಪ್ರಿಲ್‌ನಲ್ಲಿ ಪೆಂಗ್ವಿನ್ ಎಂಬ ಬದಲಾವಣೆ ತಂದು, ಕೊಂಡ ಲಿಂಕು, ಸುಳ್ಳು ಲಿಂಕುಗಳಿಂದ ಮೇಲೆ ಬಂದಿದ್ದ ಎಷ್ಟೋ ತಾಣಗಳನ್ನು ಅದು ಕೆಳಗೆ ತಳ್ಳಿತು. ಕನ್ನಡದ ಕೆಲಸಕ್ಕೆ ಅಂತ ಎತ್ತಿದ ಚಂದಾ ಹಣವನ್ನು ಇಂಥದ್ದಕ್ಕೆ ಸುರಿಯುವುದು ಪಾಪ.

ಇನ್ನೊಂದು ಭ್ರಮೆ, ‘ನಾವು ಫೇಸ್‌ಬುಕ್‌ನಲ್ಲಿ ಹಾಕಿದ್ದೇವಲ್ಲ’ ಎಂಬುದು. ಈ ಪುಟದಲ್ಲಿ ಹಾಕುವುದು ನಾಲ್ಕು ದಿನ ಓಡ್ತದೆ, ಆಮೇಲೆ ಕೆಳಗೆ ಹೋಗ್ತದೆ. ವಾಟ್ಸಾಪಿನೊಳಗಿನದ್ದನ್ನು ಗೂಗಲ್ ನೋಡುವುದೇ ಇಲ್ಲ. ಸಾಮಾಜಿಕ ಜಾಲತಾಣದ ಲಿಂಕುಗಳಿಗೆ ‘ನೋಫಾಲೋ’ ಎಂಬ ಗುರುತು ಇರುವುದು ಸಾಮಾನ್ಯ. 2005ರಲ್ಲಿ ಬಂದ ಆ ಗುರುತಿನ ಅರ್ಥ, ಇದು ನಮ್ಮ ಸಾಕ್ಷಿ ಅಲ್ಲ ಅಂತ. ವಿಕಿಪೀಡಿಯದ ಹೊರಲಿಂಕುಗಳಿಗೂ ಅದೇ ಗುರುತು ಉಂಟು. ಹಾಗಾಗಿ ವಿಕಿಪೀಡಿಯದಲ್ಲಿ ಹೋಗಿ ನಮ್ಮ ಲಿಂಕ್ ತುಂಬಿಸುವುದರಲ್ಲಿ ಲಾಭವೂ ಇಲ್ಲ, ಮರ್ಯಾದೆಯೂ ಇಲ್ಲ. ಆದರೆ 2003ರಿಂದ ನಡೀತಾ ಇರುವ ಕನ್ನಡ ವಿಕಿಪೀಡಿಯದಲ್ಲಿ ನಮ್ಮ ಊರಿನ ಲೇಖನವನ್ನು ಆಧಾರ ಸಮೇತ ಬೆಳೆಸುವುದು ಬೇರೆ. ಅದನ್ನು ಓದಿದ ಪತ್ರಕರ್ತರು, ಸಂಶೋಧಕರು ನಾಳೆ ನಮ್ಮ ಬರಹವನ್ನು ಹುಡುಕಿಕೊಂಡು ಬರಬಹುದು.

ಹಾಗಾದರೆ ಎಂತ ಮಾಡುವುದು? ದುಡ್ಡು ಬೇಡದ, ಮೋಸ ಇಲ್ಲದ ಐದು ಕೆಲಸ ಹೇಳ್ತೇವೆ.

1. ನಮ್ಮದೇ ಒಂದು ಮನೆ ಬೇಕು. ಬ್ಲಾಗ್ ಆದರೂ ಸಾಕು. ಬರಹ ಯೂನಿಕೋಡಿನಲ್ಲೇ ಇರಬೇಕು. ನುಡಿ, ಬರಹದ ಹಳೆಯ ಫಾಂಟಿನಲ್ಲಿ ಮಾಡಿದ ಪಿ.ಡಿ.ಎಫ್. ನಮಗೆ ಕನ್ನಡ, ಯಂತ್ರಕ್ಕೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ. ನಮ್ಮ ಎಷ್ಟೋ ಸ್ಮರಣ ಸಂಚಿಕೆಗಳು ಹೀಗೆ ಕಣ್ಣಿಗೆ ಕಂಡೂ ಹುಡುಕಿದರೆ ಸಿಗದವು. ಅವುಗಳನ್ನು ಯೂನಿಕೋಡಿಗೆ ತಂದು ಒಂದೊಂದು ವಿಷಯಕ್ಕೆ ಒಂದೊಂದು ಪುಟ ಮಾಡಿ.

2. ಹೆಸರಿನ ಎಲ್ಲ ರೂಪ ಬರೆಯಿರಿ. ನಾವು ಕುಂಬ್ಡಾಜೆ ಅಂತೇವೆ, ಕೆಲವರು ಕುಂಬಡಾಜೆ ಅಂತ ಬರೀತಾರೆ. ಶೀರ್ಷಿಕೆಯಲ್ಲಿ ನಮ್ಮ ರೂಪ ಇರಲಿ, ಒಳಗೆ ಇನ್ನೊಂದು ರೂಪ, ಮಲಯಾಳ ಮತ್ತು ಇಂಗ್ಲಿಷ್ ಬರವಣಿಗೆಯೂ ಒಂದು ಸಲ ಬರಲಿ. ಯಾವ ರೂಪದಲ್ಲಿ ಹುಡುಕಿದವರಿಗೂ ಕನ್ನಡದ ಪುಟ ಸಿಗಲಿ.

3. ಇತರರಿಗೆ ಬೇಕಾಗುವ ಪುಟ ಮಾಡಿ. ‘ನಮ್ಮ ಸಂಘದ ವಾರ್ಷಿಕೋತ್ಸವ’ ಎಂಬ ಪುಟಕ್ಕೆ ಹೊರಗಿನವರು ಯಾಕೆ ಲಿಂಕ್ ಕೊಡಬೇಕು? ಎಡನೀರು ಮಠದ ಕೇಶವಾನಂದ ಭಾರತೀ ಶ್ರೀಗಳ ಮೊಕದ್ದಮೆಯಲ್ಲಿ 1973ರ ಏಪ್ರಿಲ್ 24ರಂದು ಬಂದ ತೀರ್ಪನ್ನು ದೇಶದ ಕಾನೂನು ವಿದ್ಯಾರ್ಥಿಗಳೆಲ್ಲ ಓದ್ತಾರೆ. ಆ ಎಡನೀರು ಎಂಥ ಊರು, ಮೊಕದ್ದಮೆ ಯಾಕೆ ಬಂತು ಅಂತ ಇಲ್ಲಿಯವರು ಕನ್ನಡದಲ್ಲಿ ವಿವರವಾಗಿ ಬರೆದರೆ ಅದಕ್ಕೆ ಲಿಂಕ್ ಕೊಡುವವರು ಇದ್ದಾರೆ. ಮಂಜೇಶ್ವರದ ಗೋವಿಂದ ಪೈ, ಕಯ್ಯಾರ ಕಿಞ್ಞಣ್ಣ ರೈ, ಯಕ್ಷಗಾನದ ಪಾರ್ತಿಸುಬ್ಬ, ಅಡಿಕೆ ತೋಟದ ಸುರಂಗ ನೀರು, ಇವೆಲ್ಲ ಅಂಥ ವಿಷಯಗಳೇ.

4. ಕೇಳಿ. ಇದಕ್ಕೆ ನಾಚಿಕೆ ಬೇಡ. ನಿಮ್ಮ ಊರಿನ ವಿಷಯ ಬರೆದ ಪತ್ರಿಕೆ, ಕಾಲೇಜಿನ ಕನ್ನಡ ವಿಭಾಗ, ಬೆಂಗಳೂರು, ಮುಂಬಯಿ, ಗಲ್ಫಿನ ಕನ್ನಡ ಸಂಘಗಳು, ಎಲ್ಲರಿಗೂ ನಾಲ್ಕು ಸಾಲು ಬರೆಯಿರಿ: ‘ಮಾನ್ಯರೇ, ತಮ್ಮ ಜಾಲತಾಣದ ಲೇಖನದಲ್ಲಿ ನಮ್ಮ ಊರಿನ ಉಲ್ಲೇಖ ಓದಿ ಸಂತೋಷವಾಯಿತು. ಅದೇ ವಿಷಯದ ಹೆಚ್ಚಿನ ವಿವರ ಈ ಪುಟದಲ್ಲಿದೆ. ಓದುಗರಿಗೆ ಉಪಯೋಗ ಎನಿಸಿದರೆ ಇದಕ್ಕೆ ಕೊಂಡಿ ಕೊಡಬಹುದೇ?’ ಅವರ ಪುಟದಲ್ಲಿ ಹಳೆಯ ಲಿಂಕ್ ಸತ್ತು ಹೋಗಿದ್ದರೆ ಅದನ್ನೂ ತಿಳಿಸಿ. ತಪ್ಪು ತೋರಿಸಿ ಬದಲಿ ಕೊಟ್ಟವರನ್ನು ಯಾರೂ ಬೇಡ ಅನ್ನುವುದು ಕಡಿಮೆ. ಉತ್ತರ ಬಾರದಿದ್ದರೆ ಒಂದು ಸಲ ನೆನಪಿಸಿ, ಮತ್ತೆ ಬಿಡಿ.

5. ನಾವು ಕೊಡುವುದರಲ್ಲಿ ಜಿಪುಣರಾಗುವುದು ಬೇಡ. ಬದಿಯಡ್ಕದವರು ಒಳ್ಳೆಯದು ಬರೆದರೆ ಕುಂಬ್ಡಾಜೆಯವರು ಲಿಂಕ್ ಕೊಡಬೇಕು. ಜತ್ತ, ಅಕ್ಕಲಕೋಟೆ, ತಾಳವಾಡಿ, ಹೊಸೂರು, ಆದೋನಿ, ಮಡಕಶಿರಾದ ಕನ್ನಡಿಗರಿಗೂ ನಮ್ಮದೇ ಕಷ್ಟ. ಅವರ ಶಾಲೆಯ ವಿಷಯ ಬರೆಯುವಾಗ ಅವರು ಬರೆದದ್ದರ ಕಡೆಗೇ ಕೈ ತೋರಿಸಿ. ವಿಷಯಕ್ಕೆ ಬೇಕಾದಲ್ಲಿ ಕೊಟ್ಟ ಲಿಂಕ್ ವಿನಿಮಯದ ಆಟ ಅಲ್ಲ, ನಿಜವಾದ ಸಾಕ್ಷಿ.

ಫಲ ಗೊತ್ತಾಗಲಿಕ್ಕೆ ಗೂಗಲ್‌ನದ್ದೇ ಸರ್ಚ್ ಕನ್ಸೋಲ್ ಉಂಟು, ಉಚಿತ. ಯಾವ ಪದ ಹುಡುಕಿ ಜನ ಬಂದರು, ಯಾರು ನಮಗೆ ಲಿಂಕ್ ಕೊಟ್ಟಿದ್ದಾರೆ ಅಂತ ತೋರಿಸ್ತದೆ. ಹದಿನಾರು ತಿಂಗಳ ಲೆಕ್ಕ ಸಿಗ್ತದೆ. ವಾರಕ್ಕೆ ಎಷ್ಟು ಜನ ಅಂತ ಎಣಿಸಿ ಬೇಜಾರು ಮಾಡಿಕೊಳ್ಳುವುದು ಬೇಡ. ತಿಂಗಳಿಗೊಮ್ಮೆ ಪಾಸ್‌ಬುಕ್ ನೋಡಿದ ಹಾಗೆ ನೋಡಿ. ಜನ ಏನು ಕೇಳ್ತಾ ಇದ್ದಾರೋ ಮುಂದಿನ ಪುಟ ಅದರ ಮೇಲೆ ಬರೆಯಿರಿ.

ಇಷ್ಟೆಲ್ಲ ಯಾಕೆ? ಬರೀ ಹೆಮ್ಮೆಗಾಗಿ ಅಲ್ಲ. ಒಂದು ಉದಾಹರಣೆ ನೋಡಿ. 1969ರ ಕೇರಳದ ಆಡಳಿತ ಭಾಷಾ ಕಾಯ್ದೆಯೇ ಕನ್ನಡ ಅಲ್ಪಸಂಖ್ಯಾತರಿಗೆ ಸರ್ಕಾರದ ಜತೆ, ಘೋಷಿತ ಪ್ರದೇಶದ ಸ್ಥಳೀಯ ಕಚೇರಿಗಳ ಜತೆ ಕನ್ನಡದಲ್ಲಿ ಪತ್ರ ವ್ಯವಹಾರ ಮಾಡುವ ಅವಕಾಶ ಕೊಟ್ಟಿತು. ಉತ್ತರವೂ ಕನ್ನಡದಲ್ಲೇ ಬರಬೇಕು ಎಂದಿತು. 1956ರ ಏಳನೇ ತಿದ್ದುಪಡಿಯಲ್ಲಿ ಸಂವಿಧಾನಕ್ಕೆ 350ಎ ಮತ್ತು 350ಬಿ ವಿಧಿಗಳು ಸೇರಿದವು. ಒಂದು, ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಲಭ್ಯ ಒದಗಿಸುವುದರ ಬಗ್ಗೆ. ಇನ್ನೊಂದು, ಭಾಷಾ ಅಲ್ಪಸಂಖ್ಯಾತರಿಗಾಗಿ ವಿಶೇಷ ಅಧಿಕಾರಿಯ ಬಗ್ಗೆ.

ಈಗ ಇಪ್ಪತ್ತು ವರ್ಷದ ಒಬ್ಬ ಹುಡುಗಿ ಕಚೇರಿಯ ಕಿಟಕಿ ಎದುರು ನಿಂತಿದ್ದಾಳೆ ಅಂತ ಇಟ್ಟುಕೊಳ್ಳಿ. ಅರ್ಜಿ ಕನ್ನಡದಲ್ಲಿ ಆಗುವುದಿಲ್ಲ ಅಂತ ಒಳಗಿಂದ ಹೇಳಿದರು. ಅವಳ ಕೈಯಲ್ಲಿ ಮೊಬೈಲ್ ಉಂಟು. ‘ಕೇರಳದಲ್ಲಿ ಕನ್ನಡದಲ್ಲಿ ಅರ್ಜಿ’ ಅಂತ ಅವಳು ಹುಡುಕಿದರೆ ಕಾಯ್ದೆಯ ವರ್ಷ, ವಿಧಿಯ ಸಂಖ್ಯೆ, ಒಂದು ಮಾದರಿ ಅರ್ಜಿ ಮೊದಲ ಪುಟದಲ್ಲೇ ಸಿಗಬೇಕು. ಸಿಕ್ಕಿದರೆ ಅವಳು ಅಲ್ಲೇ ನಿಂತು ಮಾತಾಡ್ತಾಳೆ. ಸಿಗದಿದ್ದರೆ ತಲೆ ತಗ್ಗಿಸಿ ಬೇರೆ ಯಾರಿಂದಲೋ ಅರ್ಜಿ ಬರೆಸಿಕೊಂಡು ಬರ್ತಾಳೆ. ಹೋರಾಡಿ ಪಡೆದ ಹಕ್ಕು ಹುಡುಕಿದಾಗ ಸಿಗದಿದ್ದರೆ, ಬೇಕಾದ ಹೊತ್ತಿಗೆ ಕೈಗೆ ಬಾರದ ಠೇವಣಿಯ ಹಾಗೆ.

ಅದಕ್ಕಾಗಿ ನಮ್ಮ ಮೊದಲ ಕೆಲಸ ಆ ಒಂದು ಪುಟ. ‘ಕೇರಳದಲ್ಲಿ ಕನ್ನಡ ಅಲ್ಪಸಂಖ್ಯಾತರ ಹಕ್ಕುಗಳು’ ಅಂತ ಸರಳ ಕನ್ನಡದಲ್ಲಿ ಬರೆಯುವ. ಕಾಯ್ದೆಗೆ, ಆದೇಶಗಳಿಗೆ ಮೂಲದ ಲಿಂಕ್ ಕೊಡುವ. ಆಮೇಲೆ ಬಂದ ಬದಲಾವಣೆಗಳನ್ನು ದಿನಾಂಕ ಸಮೇತ ಸೇರಿಸ್ತಾ ಹೋಗುವ. ವಕೀಲರಿಗೆ, ಶಿಕ್ಷಕರಿಗೆ ತೋರಿಸಿ ತಪ್ಪಿದ್ದರೆ ತಿದ್ದಿಸುವ. ಮತ್ತೆ ಇಲ್ಲಿ ಕೂತ ಪ್ರತಿಯೊಬ್ಬರೂ ತಮಗೆ ಪರಿಚಯ ಇರುವ ಒಂದು ಜಾಲತಾಣದವರಿಗೆ ಬರೆದು, ಅದೇ ಕನ್ನಡದ ಪದಗಳ ಮೇಲೆ ಒಂದು ಲಿಂಕ್ ಕೇಳುವ. ಹತ್ತು ಒಳ್ಳೆಯ ಕಡೆಯಿಂದ ಬಂದರೂ ಸಾಕು, ಆ ಪುಟ ಮೇಲೆ ಬರಲಿಕ್ಕೆ ಶುರುವಾಗ್ತದೆ. ಇಂಗ್ಲಿಷಿನಲ್ಲಿ ಇರುವಷ್ಟು ಪೈಪೋಟಿ ಕನ್ನಡದ ಹುಡುಕಾಟದಲ್ಲಿ ಇಲ್ಲ. ಇದು ನಮಗೆ ಅನುಕೂಲ.

ಬರೆಯುವವರು, ಟೈಪ್ ಮಾಡುವವರು, ಹಳೆಯ ಆದೇಶಗಳ ಪ್ರತಿ ಮನೆಯಲ್ಲಿ ಇಟ್ಟುಕೊಂಡವರು ಈ ಪುಟಕ್ಕೆ ಸಂದೇಶ ಹಾಕಿ. ಯಾವ ತಾಲೂಕು ಅಂತಲೂ ತಿಳಿಸಿ. ಬರುವ ಭಾನುವಾರದೊಳಗೆ ಹೆಸರು ಬಂದರೆ ಕೆಲಸ ಹಂಚಿಕೊಳ್ಳುವ.