ಕುದುರೆ ಪಳಗುವ ಬಗೆ

ಬಯಲಿನಲ್ಲಿ ಹುಟ್ಟಿ ಬೆಳೆದ ಕುದುರೆಯನ್ನು ಸವಾರಿಗೆ ಸಿದ್ಧಗೊಳಿಸುವ ಕೆಲಸಕ್ಕೆ ಇಂಗ್ಲಿಷಿನಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಕ್ರಿಯಾಪದದ ಅರ್ಥ 'ಮುರಿ' ಎಂದು. ಮುರಿದ ಕುದುರೆ, ಇನ್ನೂ ಮುರಿಯದ ಕುದುರೆ ಎಂದೇ ಅವರ ಮಾತು. ಅದೇ ಕೆಲಸವನ್ನು ನಾವು 'ಪಳಗಿಸುವುದು' ಎನ್ನುತ್ತೇವೆ. ಪಳಗು ಎಂದರೆ ರೂಢಿಯಾಗು, ಬಳಕೆಯಿಂದ ಹದಗೊಳ್ಳು. ನುರಿತವರ ಕೈಯನ್ನು ಪಳಗಿದ ಕೈ ಎಂದು ಕರೆಯುವುದುಂಟು. ತಮಿಳಿನಲ್ಲಿರುವ ಇದರ ಸೋದರಪದಕ್ಕೆ ಪರಿಚಯ ಬೆಳೆಸು, ಒಡನಾಡು ಎಂಬ ಅರ್ಥವೂ ಇದೆ. ಮಾತು ಮೃದುವಾದ ಮಾತ್ರಕ್ಕೆ ಆಚರಣೆಯೂ ಮೃದುವಾಗಿರಬೇಕೆಂದಿಲ್ಲ. ಪಳಗಿಸುವ ಹೆಸರಿನಲ್ಲಿಯೂ ಕೋಲು ಹಗ್ಗಗಳು ತಮ್ಮ ಕೆಲಸವನ್ನು ಮಾಡಿವೆ. ಆದರೂ ಈ ಎರಡು ಮಾತುಗಳ ನಡುವಣ ಅಂತರವನ್ನು ಮನಸ್ಸಿನಲ್ಲಿಟ್ಟುಕೊಂಡು, ಹೆದರಿದ ಕುದುರೆಯೊಂದು ಮನುಷ್ಯನನ್ನು ನಂಬುವಂತಾಗುವುದು ಹೇಗೆಂಬುದನ್ನು ಈ ಹೊತ್ತು ವಿಚಾರಮಾಡಬಹುದು.

ಇದಕ್ಕೆ ಒಳ್ಳೆಯ ನಿದರ್ಶನ ಅಮೆರಿಕದ ಪಶ್ಚಿಮ ರಾಜ್ಯಗಳ ಮಸ್ಟಾಂಗ್ ಕುದುರೆಗಳು. ಆ ಖಂಡದ ಮೂಲ ಕುದುರೆಗಳು ಸುಮಾರು 10,000 ವರ್ಷಗಳ ಹಿಂದೆಯೇ ಅಳಿದುಹೋಗಿದ್ದವು. 16ನೆಯ ಶತಮಾನದಲ್ಲಿ ಸ್ಪೇನಿನವರು ಹಡಗುಗಳಲ್ಲಿ ತಂದ ಕುದುರೆಗಳಲ್ಲಿ ಕೆಲವು ತಪ್ಪಿಸಿಕೊಂಡವು. ಮುಂದೆ ರೈತರೂ ಸೈನ್ಯದವರೂ ಕೈಬಿಟ್ಟ ಕುದುರೆಗಳು ಅವುಗಳೊಡನೆ ಬೆರೆತವು. ಮಸ್ಟಾಂಗ್ ಎಂಬ ಹೆಸರೇ ಒಡೆಯನಿಲ್ಲದ ಜಾನುವಾರನ್ನು ಸೂಚಿಸುವ ಸ್ಪ್ಯಾನಿಷ್ ಪದದಿಂದ ಬಂದದ್ದು. ಹೀಗಾಗಿ ಇವು ಸಾಕುಪ್ರಾಣಿಯ ವಂಶದಲ್ಲಿ ಹುಟ್ಟಿ ಕಾಡಿಗೆ ಮರಳಿದ ಕುದುರೆಗಳು. ಆದರೆ ಮನುಷ್ಯನ ಕೈಯನ್ನೇ ಕಾಣದೆ ಬೆಳೆದ ಮರಿಗೆ ತನ್ನ ಪೂರ್ವಿಕರು ಎಂದೋ ಪಳಗಿದ್ದರೆಂಬುದರಿಂದ ಏನೂ ಪ್ರಯೋಜನವಿಲ್ಲ. ಮನುಷ್ಯನನ್ನು ಕಂಡರೆ ಅದು ಓಡುತ್ತದೆ.

ಓಡುವುದಕ್ಕೆ ಕಾರಣವೂ ಇತ್ತು. 20ನೆಯ ಶತಮಾನದ ಪೂರ್ವಾರ್ಧದಲ್ಲಿ ಈ ಕುದುರೆಗಳನ್ನು ವಿಮಾನಗಳಿಂದಲೂ ಲಾರಿಗಳಿಂದಲೂ ಬೆನ್ನಟ್ಟಿ ಹಿಡಿದು, ನಾಯಿ ಬೆಕ್ಕುಗಳ ಆಹಾರ ತಯಾರಿಸುವವರಿಗೆ ಮಾರುತ್ತಿದ್ದರು. ನೆವಾಡಾ ರಾಜ್ಯದ ವೆಲ್ಮಾ ಜಾನ್‌ಸ್ಟನ್ ಎಂಬ ಮಹಿಳೆ ಇದರ ವಿರುದ್ಧ ದನಿಯೆತ್ತಿದರು. 'ಕಾಡುಕುದುರೆಯ ಆ್ಯನಿ' ಎಂದು ಹಾಸ್ಯಮಾಡಿದವರ ಮಾತನ್ನೇ ಆಕೆ ಬಿರುದಾಗಿ ಧರಿಸಿಕೊಂಡರು. ಶಾಲಾಮಕ್ಕಳು ಶಾಸನಸಭೆಯ ಸದಸ್ಯರಿಗೆ ಕಾಗದಗಳ ರಾಶಿಯನ್ನೇ ಬರೆದರು. 1959ರಲ್ಲಿ ಒಂದು ಕಾನೂನು, 1971ರಲ್ಲಿ ಅದಕ್ಕಿಂತ ಬಲವಾದ ಮತ್ತೊಂದು ಕಾನೂನು ಬಂದು, ಸರ್ಕಾರಿ ಬಯಲುಗಳಲ್ಲಿನ ಕುದುರೆಗಳಿಗೆ ರಕ್ಷಣೆ ದೊರೆಯಿತು.

ರಕ್ಷಣೆಯಿಂದ ಸಂಖ್ಯೆ ಬೆಳೆಯಿತು. ಒಣಬಯಲಿನ ಹುಲ್ಲು ನೀರು ಬೆಳೆಯಲಿಲ್ಲ. ಆದುದರಿಂದ ಸರ್ಕಾರವೇ ಹೆಲಿಕಾಪ್ಟರುಗಳಿಂದ ಹಿಂಡುಗಳನ್ನು ಅಟ್ಟಿ ತಂದು ದೊಡ್ಡಿಗಳಲ್ಲಿ ಕೂಡಿ, ಸಾಕಬಲ್ಲವರಿಗೆ ದತ್ತು ಕೊಡುವ ಏರ್ಪಾಡು ಮಾಡಿತು. ಹಿಡಿದ ಕುದುರೆಯ ಕತ್ತಿನ ಎಡಭಾಗಕ್ಕೆ ಅತಿಶೀತಗೊಳಿಸಿದ ಲೋಹದಿಂದ ಗುರುತು ಒತ್ತುತ್ತಾರೆ. ಅಲ್ಲಿ ಕೂದಲು ಬೆಳ್ಳಗೆ ಹುಟ್ಟುತ್ತದೆ. ಹಿಡಿದವುಗಳಿಗೆಲ್ಲ ಮನೆ ಸಿಗುವುದಿಲ್ಲ. ಇತ್ತೀಚಿನ ವರ್ಷಗಳಲ್ಲಿ ಸರ್ಕಾರದ ದೊಡ್ಡಿಗಳಲ್ಲೂ ಬಾಡಿಗೆಯ ಹುಲ್ಲುಗಾವಲುಗಳಲ್ಲೂ ಉಳಿದ ಕುದುರೆಗಳ ಸಂಖ್ಯೆ 60,000ವನ್ನು ಮೀರಿದ್ದುಂಟು. ಮೂರು ಬಾರಿ ದತ್ತುಮೇಳದಲ್ಲಿ ನಿಂತೂ ಯಾರಿಗೂ ಬೇಡವಾದ ಕುದುರೆಯನ್ನು, ಹಾಗೆಯೇ ಹತ್ತು ವರ್ಷ ದಾಟಿದ ಕುದುರೆಯನ್ನು, ದತ್ತಿನ ಕಟ್ಟುಪಾಡುಗಳಿಲ್ಲದೆ ಮಾರಿಬಿಡಲು 2004ರ ತಿದ್ದುಪಡಿ ಅವಕಾಶ ಕೊಟ್ಟಿತು. ಹೀಗಾಗಿ ದೊಡ್ಡಿಯಲ್ಲಿ ನಿಂತ ಕುದುರೆಗೆ ಮನುಷ್ಯನ ಭಯ ಹೋಗುವುದು ಕೇವಲ ಸವಾರಿಯ ಪ್ರಶ್ನೆಯಲ್ಲ. ಅದರ ಮುಂದಿನ ಬಾಳು ಅದನ್ನೇ ಅವಲಂಬಿಸಿದೆ.

ಈ ಭಯದ ಸ್ವರೂಪವನ್ನು ಮೊದಲು ತಿಳಿಯಬೇಕು. ಕುದುರೆ ಬೇಟೆಯಾಡುವ ಪ್ರಾಣಿಯಲ್ಲ, ಬೇಟೆಗೆ ಗುರಿಯಾಗುವ ಪ್ರಾಣಿ. ಅದರ ಕಣ್ಣುಗಳು ತಲೆಯ ಇಕ್ಕೆಲಗಳಲ್ಲಿವೆ. ಹಣೆಯ ನೇರ ಮುಂದೆ ಮತ್ತು ಬಾಲದ ನೇರ ಹಿಂದೆ ಇರುವ ಕಿರಿದಾದ ತಾಣಗಳನ್ನು ಬಿಟ್ಟರೆ, ಸುತ್ತಣ ಎಲ್ಲವೂ ಅದಕ್ಕೆ ಕಾಣುತ್ತದೆ. ಕಿವಿಗಳು ಒಂದರ ಹಂಗಿಲ್ಲದೆ ಇನ್ನೊಂದು ತಿರುಗಬಲ್ಲವು. ನೊಣವೊಂದು ಕೂತರೆ ಅಷ್ಟೇ ಭಾಗದ ಚರ್ಮ ಅದುರುತ್ತದೆ. ಮೊದಲು ಓಡುವುದು, ಆಮೇಲೆ ನಿಂತು ತಿರುಗಿ ನೋಡುವುದು ಅದರ ರಕ್ತದ ಪಾಠ. ಇಂಥ ಪ್ರಾಣಿಯತ್ತ ಮನುಷ್ಯ ಪ್ರೀತಿಯಿಂದಲೇ ಹೋಗುತ್ತಾನೆಂದಿಟ್ಟುಕೊಳ್ಳಿ. ಎರಡು ಕಣ್ಣುಗಳನ್ನೂ ಅದರ ಮೇಲೆ ನೆಟ್ಟು, ನೇರವಾಗಿ ನಡೆದು, ಕೈ ಚಾಚುತ್ತಾನೆ. ಬೇಟೆಯ ಪ್ರಾಣಿ ಮಾಡುವುದೂ ಅದನ್ನೇ. ಮನುಷ್ಯನ ಮನಸ್ಸಿನಲ್ಲಿರುವ ಪ್ರೀತಿ ಕುದುರೆಗೆ ಕಾಣದು. ಅವನ ನಡಿಗೆ ಕಾಣುತ್ತದೆ.

ನಡಿಗೆಯಷ್ಟೇ ಅಲ್ಲ, ಅದಕ್ಕಿಂತ ಸೂಕ್ಷ್ಮವಾದದ್ದೂ ಕಾಣುತ್ತದೆ. ಕಳೆದ ಶತಮಾನದ ಆರಂಭದಲ್ಲಿ ಬರ್ಲಿನ್ನಿನಲ್ಲಿ ಹಾನ್ಸ್ ಎಂಬ ಕುದುರೆ ಲೆಕ್ಕ ಮಾಡುತ್ತದೆಂದು ಪ್ರಸಿದ್ಧವಾಗಿತ್ತು. ಪ್ರಶ್ನೆ ಕೇಳಿದರೆ ಸರಿಯಾದ ಉತ್ತರ ಬರುವಷ್ಟು ಸಲ ಗೊರಸಿನಿಂದ ನೆಲವನ್ನು ತಟ್ಟುತ್ತಿತ್ತು. ಆಸ್ಕರ್ ಫುಂಗ್ಸ್ಟ್ ಎಂಬ ಮನಶ್ಶಾಸ್ತ್ರಜ್ಞ ಪರೀಕ್ಷಿಸಿ, 1907ರಲ್ಲಿ ಅದರ ಗುಟ್ಟನ್ನು ಬಯಲು ಮಾಡಿದ. ಉತ್ತರದ ಸಂಖ್ಯೆ ಬಂದಾಗ ಪ್ರಶ್ನೆ ಕೇಳಿದವರ ತಲೆ ತಮಗೇ ತಿಳಿಯದಂತೆ ಕೂದಲೆಳೆಯಷ್ಟು ಅಲುಗುತ್ತಿತ್ತು. ಕುದುರೆ ಅದನ್ನು ನೋಡಿ ನಿಲ್ಲಿಸುತ್ತಿತ್ತು. ಹಾನ್ಸನಿಗೆ ಲೆಕ್ಕ ಬರದೆಂದು ಜನ ನಿರಾಶರಾದರು. ಆದರೆ ಕುದುರೆಯೊಡನೆ ಕೆಲಸ ಮಾಡುವವನಿಗೆ ಲೆಕ್ಕಕ್ಕಿಂತ ದೊಡ್ಡ ವಿಷಯ ಇದು. ತನ್ನ ಮೈಯಲ್ಲಿನ ಬಿಗುಪು ತನಗೆ ತಿಳಿಯುವ ಮುನ್ನವೇ ಕುದುರೆಗೆ ತಿಳಿದಿರುತ್ತದೆ. 2016ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು, ಅಪರಿಚಿತರ ಕೋಪದ ಮುಖದ ಚಿತ್ರವನ್ನು ಕಂಡರೂ ಕುದುರೆಗಳ ಎದೆಬಡಿತ ಬೇಗನೆ ಏರುತ್ತದೆಂದು ತೋರಿಸಿದರು. ಸಿಟ್ಟಿನಲ್ಲಿರುವಾಗ ಕುದುರೆಯ ಬಳಿ ಹೋಗಬಾರದೆಂದು ಗ್ರೀಕ್ ಲೇಖಕ ಕ್ಸೆನೊಫನ್ ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿಯೇ ಹೇಳಿದ್ದ.

ಆದರೂ ಬಹುಕಾಲ ನಡೆದದ್ದು ಬಲಪ್ರಯೋಗವೇ. ಕುದುರೆಯನ್ನು ಹಗ್ಗ ಬೀಸಿ ಹಿಡಿದು, ಕಂಬಕ್ಕೆ ಬಿಗಿದು, ಜೀನು ಹೇರಿ, ಅದು ಕುಪ್ಪಳಿಸಿ ಕುಪ್ಪಳಿಸಿ ಸೋಲುವವರೆಗೆ ಒಬ್ಬ ಸವಾರ ಬೆನ್ನಿನ ಮೇಲೆ ಕೂರುತ್ತಿದ್ದ. ಸೌಮ್ಯನೆಂದು ಹೆಸರಾದವರ ವಿಧಾನವನ್ನೂ ಇಲ್ಲಿ ನೆನೆಯಬೇಕು. ಓಹಾಯೋ ರಾಜ್ಯದ ಜಾನ್ ರೇರಿ 1858ರಲ್ಲಿ ಲಂಡನ್ನಿಗೆ ಹೋಗಿ, ಕ್ರೂಸರ್ ಎಂಬ ಉಗ್ರ ಗಂಡುಕುದುರೆಯನ್ನು ಪಳಗಿಸಿ ತೋರಿಸಿದ; ವಿಕ್ಟೋರಿಯಾ ರಾಣಿಯ ಮುಂದೆಯೂ ತನ್ನ ವಿದ್ಯೆಯನ್ನು ಪ್ರದರ್ಶಿಸಿದ. ಅವನು ಮೃದುವಾಗಿ ಮಾತಾಡುತ್ತಿದ್ದ. ಆದರೆ ಮೊದಲು ಮುಂಗಾಲೊಂದನ್ನು ಪಟ್ಟಿಯಿಂದ ಮಡಿಸಿ ಕಟ್ಟಿ, ಕುದುರೆ ದಣಿದು ನೆಲದ ಮೇಲೆ ಒರಗುವಂತೆ ಮಾಡುತ್ತಿದ್ದ. ಅಂದಿನ ಹೊಡೆತ ಬಡಿತಗಳ ನಡುವೆ ಅದು ದಯೆಯಾಗಿಯೇ ಕಂಡಿತು. ಇಂದು ನಾವು ಇನ್ನೊಂದು ಪ್ರಶ್ನೆ ಕೇಳಬೇಕಾಗುತ್ತದೆ: ಹಾಗೆ ಒರಗಿದ ಕುದುರೆ ನಂಬಿತೋ, ಇಲ್ಲ, ಓಡುವ ಆಸೆಯನ್ನು ಬಿಟ್ಟಿತೋ?

ನನ್ನ ದೃಷ್ಟಿಯಲ್ಲಿ ಈ ವಿಷಯದ ತಿರುಳು ಇಲ್ಲಿದೆ. ಕುದುರೆ ಅಲುಗದೆ ನಿಲ್ಲುವುದರಲ್ಲಿ ಎರಡು ಬಗೆಯುಂಟು. ಒಂದರಲ್ಲಿ ಉಸಿರು ಕಟ್ಟಿರುತ್ತದೆ, ತುಟಿ ಬಿಗಿದಿರುತ್ತದೆ, ಬಾಲ ಒತ್ತಿಕೊಂಡಿರುತ್ತದೆ, ಕಣ್ಣು ತೆರೆದಿದ್ದರೂ ಯಾವುದನ್ನೂ ನೋಡುತ್ತಿರುವುದಿಲ್ಲ. ಇನ್ನೊಂದರಲ್ಲಿ ತಲೆ ತಗ್ಗಿರುತ್ತದೆ, ಕಿವಿ ಮನುಷ್ಯನ ಕಡೆಗೂ ಬಯಲಿನ ಕಡೆಗೂ ಆರಾಮವಾಗಿ ತಿರುಗುತ್ತಿರುತ್ತದೆ, ಹಿಂಗಾಲೊಂದು ಸಡಿಲವಾಗಿರುತ್ತದೆ. ದೂರದಿಂದ ನೋಡುವವನಿಗೆ ಎರಡೂ ವಿಧೇಯತೆಯೇ. ಮೊದಲನೆಯ ಕುದುರೆ ಒಂದು ದಿನ, ಯಾವುದೋ ಕಾಗದದ ಚೂರು ಹಾರಿದಾಗ, ಅದುಮಿಟ್ಟ ಭಯವನ್ನೆಲ್ಲ ಒಮ್ಮೆಗೇ ಹೊರಹಾಕೀತು. ಎರಡನೆಯದು ಬೆಚ್ಚಿದರೂ ನಿಂತು, ಪಕ್ಕದ ಮನುಷ್ಯ ಏನು ಮಾಡುತ್ತಾನೆಂದು ನೋಡೀತು.

ಎರಡನೆಯ ಬಗೆಯನ್ನು ಸಾಧಿಸುವ ದಾರಿಯನ್ನು ಪಶ್ಚಿಮ ಅಮೆರಿಕದ ಜಾನುವಾರು ಸಾಕಣೆಯವರೇ ಕಂಡುಕೊಂಡರು. ಒರೆಗಾನ್ ರಾಜ್ಯದಲ್ಲಿ ಬೆಳೆದ ಟಾಮ್ ಡೊರಾನ್ಸ್ (1910–2003), ಅವರಿಂದ ಕಲಿತ ರೇ ಹಂಟ್ (1929–2009) ಇವರಲ್ಲಿ ಪ್ರಮುಖರು. ಅವರ ವಿದ್ಯೆಯನ್ನು ಸಂಕ್ಷೇಪವಾಗಿ ಹೇಳುವುದಾದರೆ, ಕುದುರೆ ಕಲಿಯುವುದು ನಾವು ಒತ್ತಾಯ ಹೇರಿದಾಗ ಅಲ್ಲ, ಅದನ್ನು ತೆಗೆದಾಗ. ಕೆಲಸ ನಡೆಯುವುದು ದುಂಡನೆಯ ದೊಡ್ಡಿಯಲ್ಲಿ. ಸಿಕ್ಕಿಬೀಳುವ ಮೂಲೆ ಅಲ್ಲಿಲ್ಲ. ಮನುಷ್ಯ ಓರೆಯಾಗಿ, ನೋಟ ತಗ್ಗಿಸಿ, ಎರಡು ಹೆಜ್ಜೆ ಇಡುತ್ತಾನೆ. ಕುದುರೆಯ ಕಿವಿ ನಿಮಿರುತ್ತದೆ, ಮೈ ಬಿಗಿಯುತ್ತದೆ, ಆದರೆ ಕಾಲು ಇನ್ನೂ ಎತ್ತಿಲ್ಲ. ಅವನು ನಿಲ್ಲುತ್ತಾನೆ. ಕುದುರೆ ಒಮ್ಮೆ ಅವನ ಕಡೆ ನೋಡಿ ಉಸಿರು ಬಿಟ್ಟ ಕೂಡಲೆ ಬೆನ್ನು ತಿರುಗಿಸಿ ದೂರ ಹೋಗುತ್ತಾನೆ. ಹೆಜ್ಜೆ ಹೆಚ್ಚಾದರೆ ಅದು ಬೆದರಿ ಓಡುತ್ತದೆ. ಮನುಷ್ಯನೆಂದರೆ ದಿಗಿಲು ಎಂದು ಕಲಿಯುತ್ತದೆ. ಅದು ಓಡಿದ ಕ್ಷಣದಲ್ಲೇ ಅವನು ಹಿಂದೆ ಸರಿದರೆ, ಓಡಿದರೆ ಪಾರಾಗಬಹುದೆಂದು ಕಲಿಯುತ್ತದೆ. ಇವೆರಡರ ನಡುವೆ ಇರುವ ಅವಕಾಶ ಕೆಲವು ಕ್ಷಣಗಳದ್ದು ಮಾತ್ರ. ತರಬೇತುದಾರನ ವಿದ್ಯೆಯೆಲ್ಲ ಆ ಕ್ಷಣವನ್ನು ಗುರುತಿಸುವುದರಲ್ಲಿದೆ.

ಮೊದಲ ಸ್ಪರ್ಶಕ್ಕೆ ಕೆಲವರು ಉದ್ದನೆಯ ಬಿದಿರುಗೋಲನ್ನು ಬಳಸುತ್ತಾರೆ. ಹೊಡೆಯುವುದಕ್ಕಲ್ಲ, ದೂರದಲ್ಲಿ ನಿಂತೇ ಕತ್ತಿನ ಬುಡವನ್ನು ಮೆಲ್ಲಗೆ ಕೆರೆಯುವುದಕ್ಕೆ. ಬಯಲಿನಲ್ಲಿ ಕುದುರೆಗಳು ಒಂದರ ಕತ್ತಿನ ಬುಡವನ್ನು ಇನ್ನೊಂದು ಹಲ್ಲಿನಿಂದ ಕೆರೆಯುತ್ತ ನಿಲ್ಲುತ್ತವೆ. ಆ ಭಾಗವನ್ನು ಕೆರೆದರೆ ಎದೆಬಡಿತ ತಗ್ಗುತ್ತದೆಂಬುದು 1993ರಲ್ಲಿ ಪ್ರಕಟವಾದ ಅಧ್ಯಯನವೊಂದರಿಂದ ತಿಳಿದಿದೆ. ಕೋಲು ದಿನದಿಂದ ದಿನಕ್ಕೆ ಗಿಡ್ಡವಾಗಿ, ಕೊನೆಗೆ ಅದರ ಜಾಗದಲ್ಲಿ ಕೈ ಬರುತ್ತದೆ. ಆಮೇಲೆ ಮುಖಕ್ಕೆ ಹಗ್ಗದ ಪಟ್ಟಿ. ಆಮೇಲೆ ಕಾಲನ್ನು ಎತ್ತಿ ಕೊಡುವುದು. ಓಟವೇ ರಕ್ಷಣೆಯಾದ ಪ್ರಾಣಿಗೆ ಗೊರಸನ್ನು ಇನ್ನೊಬ್ಬರ ಕೈಯಲ್ಲಿಡುವುದೆಂದರೆ ಸಣ್ಣ ಮಾತಲ್ಲ. ಎಲ್ಲಕ್ಕೂ ಕೊನೆಯಲ್ಲಿ ಬೆನ್ನಿನ ಮೇಲೆ ಭಾರ, ಅಂದರೆ ಬೇಟೆಯ ಮೃಗ ಎರಗುವ ಜಾಗದಲ್ಲೇ ಮನುಷ್ಯ. ಎಡಗಡೆಯಿಂದ ಕಲಿಸಿದ್ದನ್ನು ಬಲಗಡೆಯಿಂದ ಮತ್ತೆ ಮೊದಲಿನಿಂದ ಕಲಿಸಬೇಕೆಂಬುದು ಈ ಕೆಲಸದವರ ಅನುಭವ. ಕೆಲವು ಕುದುರೆಗಳಿಗೆ ದಿನಗಳು ಸಾಕು. ಕೆಲವಕ್ಕೆ ತಿಂಗಳುಗಳು ಬೇಕು.

ಒಂದೊಂದು ಕುದುರೆಯ ಭಯ ಒಂದೊಂದು ಬಗೆ. ಯಾರಿಗೂ ಬಗ್ಗದ ಬ್ಯುಸೆಫಲಸ್ ತನ್ನ ನೆರಳಿಗೇ ಬೆದರುತ್ತಿರುವುದನ್ನು ಬಾಲಕ ಅಲೆಕ್ಸಾಂಡರ್ ಗಮನಿಸಿ, ಅದರ ಮುಖವನ್ನು ಸೂರ್ಯನ ಕಡೆಗೆ ತಿರುಗಿಸಿದನೆಂದು ಪ್ಲೂಟಾರ್ಕ್ ಬರೆದಿದ್ದಾನೆ. ಕಥೆಯಲ್ಲಿ ಇತಿಹಾಸವೆಷ್ಟು ಎಂಬ ಚರ್ಚೆ ಹಾಗಿರಲಿ. ಅಲ್ಲಿ ನೆರೆದಿದ್ದ ಬಲಶಾಲಿಗಳೆಲ್ಲ ಕುದುರೆಯ ಹಟವನ್ನು ಕಂಡರು, ಹುಡುಗನೊಬ್ಬ ಅದರ ಭಯವನ್ನು ಕಂಡ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ಬಯಲಿನಿಂದ ಅಟ್ಟಿ ತಂದು, ಹಿಂಡಿನಿಂದ ಅಗಲಿಸಿ, ಬೇಲಿಯೊಳಗೆ ಕೂಡಿದ ಮೇಲೆ ನಂಬಿಕೆಯ ಮಾತೆಲ್ಲಿ ಬಂತು? ಕುದುರೆ ಈ ಸ್ನೇಹವನ್ನು ಬೇಡಿರಲಿಲ್ಲ. ಆಕ್ಷೇಪ ನ್ಯಾಯವಾದದ್ದೇ. ಸೌಮ್ಯವಾದ ತರಬೇತಿ ಆ ಮೊದಲ ಬಲಾತ್ಕಾರವನ್ನು ಅಳಿಸಲಾರದು. ಅದು ಮಾಡಬಹುದಾದದ್ದು ಇಷ್ಟೆ: ಬೇಲಿಯೊಳಗೂ ಕುದುರೆಯ 'ಬೇಡ' ಎಂಬುದಕ್ಕೆ ಬೆಲೆ ಕೊಡುವುದು. ತಲೆ ತಿರುಗಿಸಿದರೆ ಕೈ ನಿಲ್ಲುತ್ತದೆ, ಒಂದು ಹೆಜ್ಜೆ ಹಿಂದೆ ಇಟ್ಟರೆ ಹಗ್ಗ ಸಡಿಲವಾಗುತ್ತದೆ ಎಂದು ತಿಳಿದ ಮೇಲೆ ಕುದುರೆಗೆ ಓಡಬೇಕಾದ ಅಗತ್ಯ ಕಡಿಮೆಯಾಗುತ್ತದೆ. ತನ್ನ ನಿರಾಕರಣೆಗೆ ಕಿವಿಯುಂಟೆಂದು ಕಂಡುಕೊಂಡದ್ದೇ ಮುಂದೆ ಒಪ್ಪುವುದಕ್ಕೂ ಸಿದ್ಧವಾಗುತ್ತದೆ.

1980ರ ದಶಕದಲ್ಲಿ ಕೊಲರಾಡೊ ರಾಜ್ಯದ ಸೆರೆಮನೆಯೊಂದರಲ್ಲಿ ಕೈದಿಗಳ ಕೈಯಿಂದ ಮಸ್ಟಾಂಗ್‌ಗಳನ್ನು ಪಳಗಿಸುವ ಯೋಜನೆ ಆರಂಭವಾಯಿತು. ಬೇರೆ ರಾಜ್ಯಗಳೂ ಅದನ್ನು ಅನುಸರಿಸಿದವು. ಬೇಲಿಯೊಳಗಿನ ಮನುಷ್ಯನೂ ಬೇಲಿಯೊಳಗಿನ ಕುದುರೆಯೂ ಎದುರುಬದುರು ನಿಂತರು. ಗದರಿಸಿ ಕೆಲಸ ಮಾಡಿಸಿಕೊಂಡು ರೂಢಿಯಿದ್ದವನಿಗೆ ಇಲ್ಲಿ ಗದರಿಕೆ ಉಪಯೋಗಕ್ಕೆ ಬಾರದು. ದನಿ ಏರಿದರೆ ಕುದುರೆ ದೊಡ್ಡಿಯ ಆಚೆಯ ಅಂಚಿಗೆ ಓಡುತ್ತದೆ, ಆ ದಿನದ ಕೆಲಸ ಅಲ್ಲಿಗೆ ಮುಗಿಯುತ್ತದೆ. ಮಾರನೆಯ ದಿನ ಮತ್ತೆ ಮೊದಲ ಹೆಜ್ಜೆಯಿಂದ ತೊಡಗಬೇಕು.

ದತ್ತು ಪಡೆದವರು ಒಂದು ವರ್ಷ ಕುದುರೆಯನ್ನು ಸರಿಯಾಗಿ ನೋಡಿಕೊಂಡರೆ ಸರ್ಕಾರ ಅವರಿಗೆ ಒಡೆತನದ ಪತ್ರವನ್ನು ಕೊಡುತ್ತದೆ. ಕುದುರೆಯ ಕಡೆಯಿಂದ ಅಂಥ ಪತ್ರ ಯಾವುದೂ ಇಲ್ಲ. ಬೆಳಿಗ್ಗೆ ಹಗ್ಗವಿಲ್ಲದೆ, ಮೇವಿಲ್ಲದೆ, ಬರಿಗೈಯಲ್ಲಿ ದೊಡ್ಡಿಯ ಬಾಗಿಲಲ್ಲಿ ನಿಲ್ಲಬೇಕು. ಅದು ಬಂದರೆ ಬಂತು. ಬರದಿದ್ದರೆ, ಸ್ವಲ್ಪ ಹಿಂದೆ ಸರಿದು ಕಾಯಬೇಕು.