ಪದವಿ ಕೊಡಿಸಿದಿರಿ, ದಾರಿಯನ್ನೂ ಬಿಟ್ಟುಕೊಡಿ

(ಕೊಡಗಿನಲ್ಲಿ ಹೆತ್ತವರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಹೆಣ್ಣುಮಕ್ಕಳು ಕಲಿಯಬೇಕೇ ಎಂಬ ಪ್ರಶ್ನೆಗೆ ಈ ಜಿಲ್ಲೆ ಎಂದೋ ಉತ್ತರ ಕೊಟ್ಟಿದೆ. 2011ರ ಜನಗಣತಿಯಲ್ಲಿ ಕೊಡಗಿನ ಸಾಕ್ಷರತೆ ಶೇಕಡಾ 82ನ್ನು ದಾಟಿತ್ತು. ಪೊನ್ನಂಪೇಟೆಯಲ್ಲೂ ಕುಶಾಲನಗರದಲ್ಲೂ ಇಂಜಿನಿಯರಿಂಗ್ ಕಾಲೇಜುಗಳಿವೆ. ನಮ್ಮ ಮನೆಗಳ ಹುಡುಗಿಯರೂ ಕಂಪ್ಯೂಟರ್ ವಿಜ್ಞಾನ ಓದುತ್ತಿದ್ದಾರೆ. ಇಂದು ನಮ್ಮ ಮುಂದಿರುವ ಪ್ರಶ್ನೆ ಬೇರೆ: ಓದು ಮುಗಿದ ಮರುದಿನ ಅವಳು ಎಲ್ಲಿಗೆ ಹೋಗಬೇಕು?

ಎಷ್ಟೋ ಮನೆಗಳಲ್ಲಿ ಆ ಪದವಿ ಮದುವೆಯ ಆಮಂತ್ರಣ ಪತ್ರಿಕೆಯಲ್ಲಿ ಹೆಸರಿನ ಪಕ್ಕ ಒಮ್ಮೆ ಅಚ್ಚಾಗುತ್ತದೆ. ಅನಂತರ ಪ್ರಮಾಣಪತ್ರ ಕಪಾಟು ಸೇರುತ್ತದೆ. ‘ಬೆಂಗಳೂರು ದೂರ’ ಎನ್ನುತ್ತೇವೆ. ಆದರೆ ಮಗನನ್ನು ಗಲ್ಫ್‌ಗೆ ಕಳುಹಿಸುವಾಗ ನಾವು ಕಡಲನ್ನು ಅಳೆಯುವುದಿಲ್ಲ. ಮಗಳ ವಿಷಯ ಬಂದಾಗ ಮಾತ್ರ ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್ ದೂರದ ಮೈಸೂರು ಪರದೇಶವಾಗುತ್ತದೆ. ಇದು ರಸ್ತೆಯ ದೂರವಲ್ಲ, ನಮ್ಮ ಮನಸ್ಸಿನ ದೂರ.

ಕಂಪ್ಯೂಟರ್ ಗಂಡಸರ ಕ್ಷೇತ್ರವೆಂದು ಭಾವಿಸುವವರು ಇತಿಹಾಸವನ್ನು ನೋಡಬೇಕು. 1946ರಲ್ಲಿ ಅಮೇರಿಕಾ ಲೋಕಕ್ಕೆ ತೋರಿಸಿದ ಎನಿಯಾಕ್ ಯಂತ್ರಕ್ಕೆ ಲೆಕ್ಕದ ಕ್ರಮಗಳನ್ನು ಸಿದ್ಧಪಡಿಸಿದವರು ಆರು ಮಂದಿ ಮಹಿಳೆಯರು. ನಮ್ಮ ಕರ್ನಾಟಕದವರೇ ಆದ ಸುಧಾ ಮೂರ್ತಿಯವರು 1974ರಲ್ಲಿ ಟೆಲ್ಕೋ ಕಂಪೆನಿಯ ಜಾಹೀರಾತೊಂದನ್ನು ಕಂಡರು. ಮಹಿಳೆಯರು ಅರ್ಜಿ ಹಾಕಬೇಕಾಗಿಲ್ಲ ಎಂದು ಅದರಲ್ಲಿತ್ತು. ಅವರು ಜೆ.ಆರ್.ಡಿ. ಟಾಟಾರಿಗೆ ಒಂದು ಪೋಸ್ಟ್‌ಕಾರ್ಡ್ ಬರೆದು ಪ್ರತಿಭಟಿಸಿದರು. ಆ ಕಂಪೆನಿಯ ಮೊದಲ ಮಹಿಳಾ ಇಂಜಿನಿಯರ್ ಆದರು. ಅಂದು ಬಾಗಿಲು ಮುಚ್ಚಿದ್ದು ಕಂಪೆನಿ. ಇಂದು ಕಂಪೆನಿಗಳ ಬಾಗಿಲು ತೆರೆದಿದೆ. ಅನೇಕ ಕಡೆ ಮುಚ್ಚಿರುವುದು ಮನೆಯ ಬಾಗಿಲು.

ಧರ್ಮದ ಹೆಸರಿನಲ್ಲಿ ತಡೆಯುವವರಿಗೆ ಒಂದು ಮಾತು. ಹಝ್ರತ್ ಖದೀಜಾ(ರ) ಮಕ್ಕಾದ ಹೆಸರಾಂತ ವ್ಯಾಪಾರಿಯಾಗಿದ್ದರು. ಸ್ತ್ರೀಯ ಸಂಪಾದನೆ ಅವಳ ಹಕ್ಕೆಂಬುದನ್ನು ಪವಿತ್ರ ಕುರ್‌ಆನ್ ಮಾನ್ಯ ಮಾಡಿದೆ. ಸಂಪ್ರದಾಯದ ಭಾರವನ್ನು ನಾವು ಧರ್ಮದ ಮೇಲೆ ಹೊರಿಸಬಾರದು.

ಹಾಗೆಂದು ಹೆತ್ತವರ ಆತಂಕ ಹುಸಿಯೆಂದು ನಾನು ಹೇಳಲಾರೆ. 2005ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಕಾಲ್ ಸೆಂಟರ್ ಒಂದರ ಯುವತಿ ರಾತ್ರಿ ಪಾಳಿಗೆ ಹೊರಟವಳು ವಾಹನ ಚಾಲಕನಿಂದಲೇ ಕೊಲೆಯಾದಳು. ಅಂತಹ ಭಯಕ್ಕೆ ಮದ್ದು ಮಗಳನ್ನು ಕೂಡಿಹಾಕುವುದಲ್ಲ, ಕೆಲಸಕ್ಕೆ ಸೇರುವ ಮೊದಲೇ ಪ್ರಶ್ನೆಗಳನ್ನು ಕೇಳುವುದು. ರಾತ್ರಿ ಪಾಳಿ ಇದೆಯೇ? ಮನೆಯ ಬಾಗಿಲವರೆಗೆ ವಾಹನ ಬರುತ್ತದೆಯೇ? ಕಾವಲಿನವರು ಜೊತೆಗಿರುತ್ತಾರೆಯೇ? ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇದೆಯೇ? ಹತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಡೆ ಇಂತಹ ಸಮಿತಿ ಇರಲೇಬೇಕೆಂದು 2013ರ ಕಾನೂನು ಹೇಳುತ್ತದೆ. ಕೇಳುವುದು ದಾಕ್ಷಿಣ್ಯದ ವಿಷಯವಲ್ಲ, ಹಕ್ಕಿನ ವಿಷಯ.

ಇನ್ನು ಮದುವೆಯ ನಂತರದ ಮಾತು. ಅನೇಕ ಯುವತಿಯರು ಉದ್ಯೋಗ ಬಿಡುವುದು ಮೊದಲ ಹೆರಿಗೆಯ ಹೊತ್ತಿಗೆ. 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ ವೇತನಸಹಿತ ಹೆರಿಗೆ ರಜೆ 26 ವಾರಗಳಿಗೆ ಏರಿತು. 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ ಶಿಶುಪಾಲನಾ ಕೇಂದ್ರ ಕಡ್ಡಾಯವಾಯಿತು. ಆದರೆ 27ನೆಯ ವಾರ ಮಗುವನ್ನು ಎತ್ತಿಕೊಳ್ಳುವವರು ಯಾರು? ಆ ಪ್ರಶ್ನೆಗೆ ಕಾನೂನೊಂದೇ ಉತ್ತರ ಕೊಡಲಾರದು. ಪತಿ ಕೊಡಬೇಕು, ಅತ್ತೆ ಮಾವ ಕೊಡಬೇಕು.

2020ರ ಕೋವಿಡ್ ಕಾಲದಲ್ಲಿ ಕೆಲಸವೇ ಮನೆಗೆ ಬಂತು. ಸಮಸ್ಯೆ ಬಗೆಹರಿಯಿತೆಂದು ನಾವು ತಿಳಿದೆವು. ಆದರೆ ಕೊಡಗಿನ ಬೆಟ್ಟದ ಮನೆಗಳಲ್ಲಿ ಮಳೆಗಾಲ ಬಂದರೆ ವಿದ್ಯುತ್ತೂ ಇಲ್ಲ, ನೆಟ್‌ವರ್ಕೂ ಇಲ್ಲ. ಅದಿದ್ದ ಮನೆಗಳಲ್ಲಿಯೂ, ಕಂಪ್ಯೂಟರ್ ಮುಂದೆ ಕುಳಿತ ಸೊಸೆಯನ್ನು ಬಿಡುವಾಗಿರುವವಳೆಂದೇ ಎಣಿಸಲಾಯಿತು. ಮೀಟಿಂಗ್ ನಡುವೆ ಚಹಾ ಕೇಳುವ ಮನೆ ಅವಳ ಉದ್ಯೋಗವನ್ನು ಇನ್ನೂ ಉದ್ಯೋಗವೆಂದು ಒಪ್ಪಿಕೊಂಡಿಲ್ಲ.

ಆದ್ದರಿಂದ ನನ್ನ ವಿನಂತಿ ಇಷ್ಟೆ. ನಿಕಾಹ್ ನಿಶ್ಚಯವಾಗುವಾಗ ಚಿನ್ನದ ಮಾತಿಗಿಂತ ಮೊದಲು ಮಗಳ ಉದ್ಯೋಗದ ಮಾತಾಗಲಿ. ನಿಕಾಹ್ ಒಂದು ಕರಾರು. ಅದರಲ್ಲಿ ಷರತ್ತುಗಳಿಗೆ ಎಡೆಯಿದೆ. ಸಮುದಾಯದ ಸಂಘಟನೆಗಳು ಮೈಸೂರು, ಮಂಗಳೂರು, ಬೆಂಗಳೂರುಗಳಲ್ಲಿ ಸುರಕ್ಷಿತ ಹಾಸ್ಟೆಲ್‌ಗಳ ಬಗ್ಗೆ ಯೋಚಿಸಲಿ. ಈಗಾಗಲೇ ಉದ್ಯೋಗದಲ್ಲಿರುವ ಹುಡುಗಿಯರು ರಜೆಗೆ ಊರಿಗೆ ಬಂದಾಗ ಕಿರಿಯರಿಗೆ ಸಂದರ್ಶನದ ತರಬೇತಿ ನೀಡಲಿ.

ಹೆಣ್ಣುಮಕ್ಕಳೇ, ನಿಮಗೂ ಒಂದು ಮಾತು. ಐಟಿ ಕೆಲಸ ಸರಕಾರಿ ನೌಕರಿಯಂತಲ್ಲ. ಕಲಿತದ್ದು ಬೇಗ ಹಳತಾಗುತ್ತದೆ, ಕೆಲಸ ಹೋಗುವುದೂ ಉಂಟು. ಕಲಿಯುವುದನ್ನು ನಿಲ್ಲಿಸಬೇಡಿ; ಸಂಬಳದ ಒಂದು ಭಾಗವನ್ನು ನಿಮ್ಮ ಹೆಸರಿನಲ್ಲೇ ಉಳಿಸಿ.

ಹೆತ್ತವರೇ, ತೋಟ ಮಾರಿಯೋ ಸಾಲ ಮಾಡಿಯೋ ನೀವು ಅವಳನ್ನು ಓದಿಸಿದಿರಿ. ಆ ತ್ಯಾಗ ಕಪಾಟಿನಲ್ಲಿ ಕೊಳೆಯದಿರಲಿ. ಅವಳನ್ನು ಮೊದಲ ದಿನ ಬಸ್ಸು ಹತ್ತಿಸಲು ನೀವೇ ಹೋಗಿ. ಆ ಧೈರ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ.